ಮೊಣಕಾಲೆತ್ತರದ ಆಲ

ಗೆಳೆಯರೇ, ಇವತ್ತು ಬೆಳಿಗ್ಗೆ ಬೇಗೂರಿನ ನಮ್ಮ ಮನೆ ಜಗಲಿಯಲ್ಲಿ ಇಟ್ಟಿಗೆ ಚೂರನ್ನು ಜರಡಿ ಹಿಡಿಯುತ್ತಿದ್ದೆ. ರಸ್ತೆ ಅಗಲ ಮಾಡಲು ಕಡಿದುಹಾಕಿದ ಆಲದ ಒಂದು ಕೊಂಬೆ ನನ್ನ ಹತ್ತಿರ ಚಿಗುರಿದೆ. ಅದನ್ನು ಕುಂಡದಲ್ಲೇ ಕುಳ್ಳಗೆ ಉಳಿಸುವ ಬೋನ್ಸಾಯ್ ಮಾಡಲು ಮಣ್ಣು ಬೆರೆಸುತ್ತಿದ್ದೆ.

ಆ ಮರದ ಕೆಳಗೆ ಪಂಕ್ಚರ್ ಹಾಕುತ್ತಿದ್ದ ಮಾದಪ್ಪಣ್ಣ ತಮ್ಮೂರು ಭೀಮನಬೀಡಿನಿಂದ ಬಸ್ಸಿನಲ್ಲಿ ಬಂದರು. ಹೆಗಲ ಮೇಲೆ ಒಂದು ಚೀಲ ಆಡಿನ ಗೊಬ್ಬರ.

"ಏನ್ಲಾ, ಮನೆ ಕಟ್ತಿದ್ದೀಯಾ? ಇಟ್ಗೆ ಪುಡೀಲಿ ಗಿಡ ಬದುಕ್ತದಾ? ತಕ, ಇದ್ನ ಆಕು. ಬಿರ್ರನೆ ಬೆಳೀತದೆ."

ಬೋನ್ಸಾಯ್ ಬಗ್ಗೆ ಒಂದು ಕಿರುಹೊತ್ತಿಗೆಯಲ್ಲಿ ಓದಿದ್ದನ್ನೆಲ್ಲ ಒಪ್ಪಿಸಿದೆ. ನಮ್ಮ ಒಣಗಾಳಿಗೆ ತೇವ ನಿಲ್ಲಲು ತೆಂಗಿನ ನಾರಿನ ಪುಡಿ ಹೆಚ್ಚು ಬೇಕು, ಬೇರಿಗೆ ಗಾಳಿಯಾಡಲು ಇಟ್ಟಿಗೆ ಚೂರು ಬೇಕು, ಗೊಬ್ಬರ ಜಾಸ್ತಿಯಾದರೆ ಗಿಡ ಮಿತಿಮೀರಿ ಬೆಳೆಯುತ್ತದೆ ಎಂದೆ.

"ಬೆಳೆದ್ರೆ ತಪ್ಪಾ? ಎಷ್ಟೆತ್ರ ಬೆಳೆಯಕೆ ಬುಟ್ಟೀಯಾ?"

ನನ್ನ ಮೊಣಕಾಲು ತೋರಿಸಿದೆ.

ನಗುತ್ತಾರೆ ಅಂದುಕೊಂಡಿದ್ದೆ. ಅವರು ಚೀಲ ಇಳಿಸಿ ಅಲ್ಲೇ ಕುಕ್ಕರಗಾಲಲ್ಲಿ ಕೂತರು.

"ಮರ ಕಡಿಯಾಗ ಅಡ್ಡ ನಿಂತು ಕೂಗಾಡ್ದೋನು ನೀನು. ರಸ್ತೆ ಪಕ್ಕ ತಿರ್ಗಾ ನೆಡಕೆ ಬೆಳೆಸ್ತಾವ್ನೆ ಅಂದ್ಕಂಡಿದ್ದೆ ಕಣ್ಲಾ. ಬಿಸ್ಲಲ್ಲಿ ಕೂರಕಾಯ್ತಿಲ್ಲ ನಂಗೆ."

ಇದು ಕುಂಡದಲ್ಲೇ ನೂರಾರು ವರ್ಷ ಬದುಕಬಲ್ಲದು ಎಂದೆ.

"ಬದುಕ್ಲಿ ಬುಡು," ಎಂದು ಎದ್ದರು. ಚೀಲವನ್ನು ವಾಪಸ್ ಒಯ್ಯಲಿಲ್ಲ.

ಮರ ಕಡಿದವರು ಮಾದಪ್ಪಣ್ಣನಿಗೆ ಒಂದು ಮಾತೂ ವಿವರಿಸಲಿಲ್ಲ ಎಂದು ನಾನು ಆಗ ಗಂಟಲು ಹರಿಯುವಂತೆ ಕೂಗಿದ್ದೆ. ಇವತ್ತು ನಾನು ಎಲ್ಲವನ್ನೂ ವಿವರವಾಗಿ ಹೇಳಿ ಅದೇ ಬಿಸಿಲಿಗೆ ಕಳಿಸಿದ್ದೇನೆ.