ನೂರಾ ಹದಿನಾಲ್ಕನೇ ನಂಬರು

ನಾಗಮಣಿ ಯಶವಂತಪುರದ ಒಂದು ಪಂಪ್ ಕಾರ್ಖಾನೆಗೆ ಸೇರಿದ್ದು 1974ರಲ್ಲಿ. ನಕ್ಷೆಗಳನ್ನು ಕಾಯುವ ಕೆಲಸ. ನಕ್ಷೆ ಬದಲಾದಾಗ ಹೊಸದರ ಮೂಲೆಯಲ್ಲಿ ಎಷ್ಟನೇ ತಿದ್ದುಪಡಿ ಎಂದು ಬರೆಯಬೇಕು, ಹಳೆಯದರ ಮೇಲೆ ‘ರದ್ದು’ ಎಂದು ಮೊಹರು ಒತ್ತಬೇಕು, ಎರಡನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಬೇಕು. ಸಹಿ ಮಾಡದೆ ಕೇಳಿದರೆ ಮ್ಯಾನೇಜರಿಗೂ ಹಾಳೆ ಕೊಡುತ್ತಿರಲಿಲ್ಲ. ಮತ್ತಿಕೆರೆಯ ಮನೆಯಿಂದ ನಡೆದೇ ಬರುತ್ತಿದ್ದ ಆಕೆ ಹನ್ನೆರಡು ವರ್ಷದಲ್ಲಿ ಒಂದು ನಕ್ಷೆಯನ್ನೂ ಕಳೆದವರಲ್ಲ.

1986ರಲ್ಲಿ ಕಾರ್ಖಾನೆಗೆ ಕಂಪ್ಯೂಟರ್ ಬಂತು. ಅದಕ್ಕೊಂದು ತಣ್ಣನೆಯ ಕೋಣೆ, ಬಾಗಿಲ ಹೊರಗೆ ಚಪ್ಪಲಿ ಬಿಡಲು ಜಾಗ. ಬಿಡಿಭಾಗಗಳ ಅಳತೆಯ ಪಟ್ಟಿಗಳೆಲ್ಲ ಅದರೊಳಗೆ ಹೋದವು. ಯಾರಾದರೂ ಪಟ್ಟಿ ತಿದ್ದಿದರೆ ಹಳೆಯದು ಅಳಿಸಿಹೋಗುತ್ತಿರಲಿಲ್ಲ. ಅದರ ಪಕ್ಕದಲ್ಲಿ ಹೊಸ ಪ್ರತಿ ಕೂರುತ್ತಿತ್ತು. ಅದರೆದುರು ತಿದ್ದಿದವರ ಹೆಸರು, ತಾರೀಖು ಕಾಣುತ್ತಿದ್ದವು.

“ಬೀರು ಕಾಯೋ ಹಾಗೇ ಇದು, ನಾಗಮಣಿಯವ್ರೇ,” ಎಂದರು ವಿಭಾಗದ ಮುಖ್ಯಸ್ಥ ಬದರೀನಾಥ. “ಯಾರು ಬರೀ ಓದ್ಬೇಕು, ಯಾರು ತಿದ್ಬೋದು ಅನ್ನೋದನ್ನ ನೀವೇ ನೋಡ್ಕೊಳ್ಳಿ.”

ನಾಲ್ಕು ದಿನ ತರಬೇತಿ ಆಯಿತು. ಹೊಸಬರು ಬಂದರೆ ಅವರ ಹೆಸರು ಸೇರಿಸಿ ಒಂದು ನಂಬರು ಕೊಡಬೇಕು, ಬಿಟ್ಟುಹೋದವರ ಹೆಸರು ತೆಗೆಯಬೇಕು ಎಂಬುದು ನಾಗಮಣಿಗೆ ತಿಳಿಯಿತು. ಆ ನಂಬರು ಯಾಕೆ ಎಂದು ಕೇಳಬೇಕೆನಿಸಿತ್ತು. ಜೊತೆಗಿದ್ದವರೆಲ್ಲ ತಲೆಯಾಡಿಸುತ್ತಿದ್ದುದರಿಂದ ಸುಮ್ಮನಾದರು.

ಮರುವರ್ಷ ಆಗಸ್ಟಿನಲ್ಲಿ ಬಾಗಲಕೋಟೆ ಕಡೆಯ ಸಂಗಪ್ಪ ಎಂಬ ಡಿಪ್ಲೊಮಾ ಓದಿದವನು ಕೆಲಸಕ್ಕೆ ಸೇರಿದ. ಕಡಿಮೆ ಮಾತಿನವನು. ನಾಗಮಣಿಯೇ ಅವನ ಹೆಸರು ಸೇರಿಸಿದರು.

ಅಕ್ಟೋಬರಿನಲ್ಲಿ ತೊಂದರೆ ಶುರುವಾಯಿತು. ಬಹಳ ದಿನದಿಂದ ಬೇಡಿಕೆ ಇಲ್ಲದಿದ್ದ ಒಂದು ಪಂಪಿಗೆ ನಲವತ್ತು ಶಾಫ್ಟ್ ಮಾಡಿದರು. ಒಂದೂ ಕೂರಲಿಲ್ಲ, ಎಲ್ಲವೂ ಎರಡು ಮಿಲಿಮೀಟರ್ ಸಣ್ಣ. ಪಟ್ಟಿ ತೆಗೆದು ನೋಡಿದರೆ ಕೊನೆಯ ಪ್ರತಿಯಲ್ಲಿ ಅಳತೆ ಬದಲಾಗಿತ್ತು. ಅದರೆದುರು ಹೆಸರು ಸಂಗಪ್ಪನದು. ತಾರೀಖು ಮಾರ್ಚ್ ಹದಿನಾಲ್ಕು.

“ಮಾರ್ಚ್‌ನ್ಯಾಗ ನಾ ಇಲ್ಲಿ ಇರ್ಲೇ ಇಲ್ರೀ ಸರ್,” ಎಂದ ಸಂಗಪ್ಪ. “ಊರಾಗಿದ್ದೆ. ಈ ಕಾರ್ಖಾನಿ ಹೆಸರೂ ಕೇಳಿರ್ಲಿಲ್ಲ.”

“ಹಾಗಾದ್ರೆ ತಾರೀಖೂ ನೀವೇ ಬದಲಾಯಿಸಿದೀರಿ,” ಎಂದರು ಬದರೀನಾಥ. “ ತಪ್ಪು ಮುಚ್ಚಿಡೋಕೆ.”

“ಅದ್ಹೆಂಗ್ ಬದಲಾಯಿಸೋದು ಅಂತನೂ ನಂಗೆ ಗೊತ್ತಿಲ್ರೀ.”

ಬದರೀನಾಥ ಕೆಟ್ಟ ಮನುಷ್ಯರಲ್ಲ. ಆದರೆ ಮೇಲಿನವರು ಅವರಿಂದ ಉತ್ತರ ಕೇಳುತ್ತಿದ್ದರು; ಯಂತ್ರ ಸುಳ್ಳು ಹೇಳುತ್ತದೆ ಎನ್ನಲು ಅವರಿಗೆ ಧೈರ್ಯವಿರಲಿಲ್ಲ. ಸಂಗಪ್ಪನ ಹೆಸರು ತೆಗೆದುಹಾಕಲು ನಾಗಮಣಿಗೆ ಹೇಳಿದರು. ವಿಚಾರಣೆ ಮುಗಿಯುವ ತನಕ ಅವನು ಸ್ಟೋರ್ಸಿನಲ್ಲಿ ಬೋಲ್ಟು ಎಣಿಸುವುದೆಂದಾಯಿತು.

ನಾಗಮಣಿ ಹೆಸರು ತೆಗೆದರು. ಆದರೆ ಇಲ್ಲದಿದ್ದವನು ತಿದ್ದಿದ್ದು ಹೇಗೆ ಎಂಬುದು ಅವರ ತಲೆಗೆ ಹತ್ತಲಿಲ್ಲ. ಬೇರೆ ಪಟ್ಟಿಗಳನ್ನೂ ನೋಡೋಣವೆಂದು ಒಂದು ಬೆಳಿಗ್ಗೆ ಎಲ್ಲದರ ಯಾದಿ ಮುದ್ರಿಸಿದರು. ಸಂಗಪ್ಪನ ಹೆಸರಿರಬೇಕಾದ ಕಡೆ ಹೆಸರೇ ಇರಲಿಲ್ಲ. ಬರೀ 114 ಎಂದಿತ್ತು. ಒಂದು ಕಡೆಯಲ್ಲ, ಐವತ್ತಕ್ಕೂ ಹೆಚ್ಚು ಪ್ರತಿಗಳ ಎದುರು. ಕೆಲವು ಹಿಂದಿನ ವರ್ಷದವು.

ಮುದ್ರಕ ಕೆಟ್ಟಿರಬೇಕೆಂದು ಇನ್ನೊಮ್ಮೆ ಮುದ್ರಿಸಿದರು. ಮತ್ತೆ 114. ತಾನೇ ಏನೋ ತಪ್ಪು ಒತ್ತಿ ಎಲ್ಲವನ್ನೂ ಹಾಳು ಮಾಡಿದೆನೇ ಎಂದುಕೊಂಡರು. ಪರದೆ ಆರಿಸಿ ಹೊರಗೆ ಬಂದರು, ಚಪ್ಪಲಿ ಮೆಟ್ಟಿಕೊಂಡರು, ಎಲ್ಲಿಗೆ ಹೊರಟೆನೆಂದು ತಿಳಿಯದೆ ಮತ್ತೆ ಬಿಚ್ಚಿಟ್ಟು ಒಳಗೆ ಹೋದರು.

ಆಮೇಲೆ ನೆನಪಾದದ್ದು ಯಾರಿಗೆ ಯಾವ ನಂಬರು ಎಂದು ಬರೆಯಲು ಅವರೇ ಇಟ್ಟುಕೊಂಡಿದ್ದ ನೋಟ್‌ಬುಕ್. ಅದರ ಮೂರನೇ ಪುಟದಲ್ಲಿ 114 ತ್ರಿವಿಕ್ರಮ ಎಂದಿತ್ತು, ಅದರ ಮೇಲೊಂದು ಗೆರೆ. ಅದೇ ವಿಭಾಗದಲ್ಲಿದ್ದ ತ್ರಿವಿಕ್ರಮ ಜೂನ್‌ನಲ್ಲಿ ಕೆಲಸ ಬಿಟ್ಟು ಪುಣೆಗೆ ಹೋಗಿದ್ದ. ಗೆರೆಯ ಪಕ್ಕದಲ್ಲಿ, ಅವರದೇ ದುಂಡನೆಯ ಅಕ್ಷರದಲ್ಲಿ: ಸಂಗಪ್ಪ. ಖಾಲಿ ಬಿದ್ದಿದೆಯಲ್ಲ ಎಂದು ಆ ನಂಬರನ್ನೇ ಹೊಸಬನಿಗೆ ಕೊಟ್ಟಿದ್ದರು.

ಯಂತ್ರ ಹೆಸರು ಇಟ್ಟುಕೊಂಡಿರಲೇ ಇಲ್ಲ. ಅದಕ್ಕೆ ಗೊತ್ತಿದ್ದದ್ದು ನಂಬರು ಮಾತ್ರ; ಸಂಗಪ್ಪನ ಹೆಸರು ತೆಗೆದ ಮೇಲೆ ಉಳಿದದ್ದೂ ಅದೇ. ನೋಡುವ ಹೊತ್ತಿಗೆ ಆ ನಂಬರು ಯಾರದೋ ಅವರ ಹೆಸರನ್ನು ತೋರಿಸುತ್ತಿತ್ತು. ತ್ರಿವಿಕ್ರಮ ಮಾಡಿದ್ದೆಲ್ಲ ಸಂಗಪ್ಪನ ತಲೆಗೆ ಬಂದಿತ್ತು.

ಇಷ್ಟು ಅರ್ಥವಾದರೂ ನಾಗಮಣಿಗೆ ನಂಬಿಕೆ ಬರಲಿಲ್ಲ. ಇಷ್ಟೇನಾ? ಇಷ್ಟೇ ಆಗಿದ್ದರೆ ತರಬೇತಿಯಲ್ಲಿ ಯಾಕೆ ಹೇಳಲಿಲ್ಲ? ಹೇಳಿದ್ದರೇ, ತನಗೆ ಕೇಳಿಸಲಿಲ್ಲವೇ? ನೋಟ್‌ಬುಕ್ ತೆಗೆದುಕೊಂಡು ಬದರೀನಾಥರ ಮೇಜಿನ ಮೇಲಿಟ್ಟರು.

“ತಪ್ಪು ನಂದು ಸರ್. ಆ ಹುಡುಗಂದಲ್ಲ.”

ಬದರೀನಾಥ ಎರಡು ಸಲ ಹೇಳಿಸಿ ಕೇಳಿಕೊಂಡರು. ಆಮೇಲೆ ಪುಣೆಗೆ ಟ್ರಂಕ್ ಕಾಲ್ ಬುಕ್ ಮಾಡಿದರು. ಲೈನ್ ಸಿಕ್ಕಿದ್ದು ಮಧ್ಯಾಹ್ನ ಮೂರಕ್ಕೆ. ಹೌದು, ಯಾವುದೋ ಪರೀಕ್ಷೆಗೆ ಅಳತೆ ಬದಲಾಯಿಸಿದ್ದೆ, ವಾಪಸ್ ಹಾಕೋದು ಮರೆತೆ ಎಂದ ತ್ರಿವಿಕ್ರಮ. ಅಲ್ಲಿ ಯಾರೋ ಕರೆಯುತ್ತಿದ್ದರೆಂದು ಬೇಗ ಫೋನ್ ಇಟ್ಟ.

ನಾಗಮಣಿ ಸ್ಟೋರ್ಸಿಗೆ ಹೋಗಿ ಎಲ್ಲವನ್ನೂ ಹೇಳಿದರು. ಸಂಗಪ್ಪ ಕೈಯಲ್ಲಿದ್ದ ಬೋಲ್ಟನ್ನು ಡಬ್ಬಿಗೆ ಹಾಕಿ ಕೇಳಿಸಿಕೊಂಡ.

“ಅಂದ್ರ ಯಂತ್ರಕ್ಕ ನಾನೂ ಅವರೂ ಒಬ್ಬರ ಆಗಿದ್ವೇನ್ರೀ?”

“ಹೌದು ಕಣಪ್ಪ. ನಾನೇ ಹಾಗೆ ಮಾಡಿದ್ದು.”

“ನಂಗೂ ಒಂದೆರಡು ದಿನ ಹಂಗ ಅನ್ನಿಸ್ತಿತ್ತು ಮೇಡಮ್. ನಾನ ಮಾಡಿ ಮರ್ತೀನೇನೋ ಅಂತ.”



ನಾಗಮಣಿ ಅವನಿಗೆ ಹೊಸ ನಂಬರು ಕೊಟ್ಟರು. ಆ ಐವತ್ತು ಚಿಲ್ಲರೆ ಪ್ರತಿಗಳಲ್ಲಿ ತ್ರಿವಿಕ್ರಮನದು ಯಾವುದು, ಸಂಗಪ್ಪನದು ಯಾವುದು ಎಂದು ತಾರೀಖು ನೋಡಿ ಒಂದೊಂದಾಗಿ ಬೇರೆ ಮಾಡಲು ಅವರಿಗೆ ವಾರ ಹಿಡಿಯಿತು. ಆದರೆ ಸಂಗಪ್ಪ ಆ ತಣ್ಣನೆಯ ಕೋಣೆಗೆ ಬರಲಿಲ್ಲ. ಜೋಡಣೆ ವಿಭಾಗಕ್ಕೆ ತಾನೇ ಕೇಳಿಕೊಂಡು ಹೋದ. ಕೋಪವೇ ಎಂದರೆ ಅಲ್ಲ. ಕ್ಯಾಂಟೀನಿನಲ್ಲಿ ಸಿಕ್ಕಾಗ “ಚಾ ಕುಡೀತೀರೇನ್ರೀ ಮೇಡಮ್” ಎಂದು ಅವನೇ ಕರೆಯುತ್ತಿದ್ದ. ಇಬ್ಬರೂ ಎದುರುಬದುರು ಕೂತು ಹಬ್ಬದ ರಜೆ, ಊರಿನ ಬಿಸಿಲು ಎಂದು ಮಾತಾಡುತ್ತಿದ್ದರು. ಅವನು ತನ್ನನ್ನು ಕ್ಷಮಿಸಿದ್ದಾನೆಯೇ, ಅಥವಾ ಅದು ಬರೀ ಮರ್ಯಾದೆಯೇ ಎಂಬುದು ನಾಗಮಣಿಗೆ ಗೊತ್ತಾಗಲಿಲ್ಲ. ಕೇಳಲೂ ಇಲ್ಲ.