ಸಣ್ಣ ಚೌಕದಲ್ಲಿ ನಿಂತ ಗಡ್ಡೆ

ಫೆಬ್ರವರಿಯ ಒಂದು ಮಂಗಳವಾರ ನಾನು ಬರೆದಿಟ್ಟದ್ದು ಇಷ್ಟೇ: ಸಣ್ಣ ಚೌಕ, ಇಪ್ಪತ್ತು ಸಲ ಓಡಿಸಿದೆ, ಹದಿನೆಂಟು ಸಲ ಗಡ್ಡೆ ಬೆಳೆಯದೆ ನಿಂತಿತು. ದೊಡ್ಡ ಚೌಕ, ಇಪ್ಪತ್ತು ಸಲ, ಒಮ್ಮೆಯೂ ನಿಲ್ಲಲಿಲ್ಲ. ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಗೋಥೆನ್‌ಬರ್ಗ್‌ನಲ್ಲಿ ನಾನು ಪಿಎಚ್‌ಡಿ ಮಾಡುತ್ತಿರುವುದು ಕ್ಯಾನ್ಸರ್ ಗಡ್ಡೆಗಳ ಮೇಲೆ. ನಿಜವಾದ ಗಡ್ಡೆಯನ್ನು ಇದುವರೆಗೆ ಕಂಡಿಲ್ಲ. ನಮ್ಮದು ಕಂಪ್ಯೂಟರಿನೊಳಗಿನದು: ಒಂದು ಚೌಕ, ನಡುವೆ ಕ್ಯಾನ್ಸರ್ ಜೀವಕೋಶಗಳು, ಸುತ್ತ ಆರೋಗ್ಯವಂತ ಅಂಗಾಂಶ. ಆ ಅಂಗಾಂಶ ಒಂದು ರಾಸಾಯನಿಕ ಸೂಸಿ ಗಡ್ಡೆಯನ್ನು ತಡೆಯುತ್ತದೆ ಎಂದು ನಮ್ಮ ಪ್ರಬಂಧ ಹೇಳಹೊರಟಿತ್ತು. ಅದರಲ್ಲಿ ಎರಡನೆಯ ಹೆಸರು ನನ್ನದು.

ಪ್ರೋಗ್ರಾಂ ಬರೆದವರು ಮೈಸೂರಿನ ಒಬ್ಬ ಹಿರಿಯ ಸಂಶೋಧಕರು. ನಾನು ಬಂದ ಮೊದಲ ವಾರವೇ "ಸರ್ ಗಿರ್ ಬೇಡ, ಅಣ್ಣ ಅನ್ನು" ಎಂದಿದ್ದರು. ಅವರ ಚೌಕದಲ್ಲಿ, ಹಳೆಯ ಮೊಬೈಲಿನ ಹಾವಿನ ಆಟದ ಹಾಗೆ, ಬಲಗಡೆ ಹೊರಹೋದದ್ದು ಎಡಗಡೆಯಿಂದ ಒಳಬರುತ್ತಿತ್ತು. ಲೆಕ್ಕ ಬೇಗ ಮುಗಿಯಲೆಂದು ಎಷ್ಟೋ ಜನ ಹೀಗೆ ಮಾಡುತ್ತಾರೆ. ಆದರೆ ಚೌಕ ತೀರಾ ಸಣ್ಣದಾದರೆ ಹೊರಹರಿದ ರಾಸಾಯನಿಕ ಸುತ್ತಿ ಬಂದು ಅದೇ ಗಡ್ಡೆಯ ಮೇಲೆ ಮತ್ತೆ ಬೀಳುತ್ತದೆ. ಗಡ್ಡೆಯನ್ನು ನಿಲ್ಲಿಸಿದ್ದು ಅಂಗಾಂಶವಲ್ಲ, ಚೌಕದ ಅಂಚು.

ಸಂಜೆ ಟ್ರ್ಯಾಮ್ ಕಾಯುವಾಗ ಅವರಿಗೆ ಹೇಳಿದೆ.

"ದೊಡ್ಡ ಚೌಕ ಓಡ್ಸು ಅಂತ ನಿಂಗೆ ಯಾರಮ್ಮ ಹೇಳಿದ್ದು?"

"ಯಾರೂ ಇಲ್ಲ. ಡೌಟ್ ಬಂತು, ಓಡಿಸ್ದೆ."

"ಭಾರಿ ಜಾಣೆ! ಮೀಟಿಂಗ್‌ನಲ್ಲಿ ಈ ಮಾತು ತೆಗೀಬೇಡ ಪುಟ್ಟಾ. ಜೂನ್‌ಗೆ ನನ್ನ ಕಾಂಟ್ರಾಕ್ಟ್ ಮುಗಿಯುತ್ತೆ. ಪೇಪರ್ ಇಲ್ಲಾಂದ್ರೆ ಮುಂದೆ ಕೆಲಸಾನೂ ಇಲ್ಲ, ಇಲ್ಲಿರೋ ಪರ್ಮಿಟ್ಟೂ ಇಲ್ಲ. ಮಗಳು ಈಗಷ್ಟೇ ಡಾಗಿಸ್ ನರ್ಸರೀಲಿ ಅಳೋದು ನಿಲ್ಲಿಸಿದಾಳೆ."

"ಅಣ್ಣಾ, ರಿಸಲ್ಟೇ ಸುಳ್ಳು."

"ಸುಳ್ಳಲ್ಲ, ಅಪ್ರಾಕ್ಸಿಮೇಶನ್. ನಮ್ಮವಳಾಗಿ ನೀನೇ ಹೀಗಂದ್ರೆ?"

ನಮ್ಮವಳು! ಮೈ ಉರಿಯಿತು. ನಾವಿಬ್ಬರೂ ಒಂದೇ ಊರಿನ ಕಡೆಯವರೆಂದು ಗಡ್ಡೆ ಬೆಳೆಯುವುದನ್ನು ಬಿಡುತ್ತದೆಯೇ?

ಗುರುವಾರದ ಮೀಟಿಂಗ್‌ನಲ್ಲಿ ಎರಡೂ ಚೌಕಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದೆ. ನಮ್ಮ ಪ್ರೊಫೆಸರ್, ಸ್ವೀಡಿಷ್ ಮಹಿಳೆ, ದಾಲ್ಚಿನ್ನಿ ಬನ್ ಮುರಿಯುತ್ತಾ "ತುಂಬಾ ಇಂಟರೆಸ್ಟಿಂಗ್" ಎಂದರು. "ಇದನ್ನು ಮುಂದಿನ ಪ್ರಬಂಧಕ್ಕೆ ಇಟ್ಟುಕೊಳ್ಳೋಣ." ಎಲ್ಲರೂ ತಲೆಯಾಡಿಸಿ ಕಾಫಿ ಕುಡಿದರು. ಯಾರಾದರೂ ಕೂಗಾಡಿದ್ದರೆ ಜಗಳವಾದರೂ ಆಡಬಹುದಿತ್ತು.

"ಹಾಗಾದರೆ ಈ ಪ್ರಬಂಧದಿಂದ ನನ್ನ ಹೆಸರು ತೆಗೆಯಿರಿ" ಎಂದೆ. ನನ್ನ ದನಿ ಏರಿತ್ತು.

ಆಮೇಲೆ ಪ್ರೊಫೆಸರ್ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ನಿನಗೆ ಸರಿಯಾಗಿ ನಿದ್ರೆ ಬರುತ್ತಿದೆಯಾ? ಚಳಿಗಾಲದ ಕತ್ತಲು ಹೊಸಬರಿಗೆ ಕಷ್ಟ." ಆಪ್ತಸಮಾಲೋಚಕರನ್ನು ಕಾಣಲು ಹೇಳಿದರು. ವಿಟಮಿನ್ ಡಿ ಮಾತ್ರೆಯ ಮಾತೂ ಬಂತು. ತಪ್ಪು ಇದ್ದದ್ದು ಪ್ರೋಗ್ರಾಂನಲ್ಲಿ, ಮಾತ್ರೆ ನನಗೆ!

ಅಣ್ಣ ನನ್ನ ಮೇಜಿನ ಬಳಿ ಬಂದು ನಿಂತರು. "ಈಗ ಖುಷಿನಾ?"

"ಇಲ್ಲ. ದೊಡ್ಡ ಚೌಕದ ಫೋಲ್ಡರ್ ನಿಮಗೆ ಶೇರ್ ಮಾಡಿದೀನಿ. ನೀವೇ ಓಡಿಸಿ ನೋಡಿ. ತಪ್ಪು ನಂದಾದ್ರೆ ಎಲ್ಲರ ಮುಂದೆ ಸಾರಿ ಕೇಳ್ತೀನಿ."

ಅವರು ತಮ್ಮ ಮೇಜಿಗೆ ಹೋದರು.

ಮಾರ್ಚ್‌ನಲ್ಲಿ ಪ್ರಬಂಧ ಪತ್ರಿಕೆಗೆ ಹೋಯಿತು. ನನ್ನ ಹೆಸರಿರಲಿಲ್ಲ, ಸಣ್ಣ ಚೌಕ ಇತ್ತು. ಅಣ್ಣನ ಕೆಲಸ ಹೋಗಲಿ ಎಂದು ನಾನು ಬಯಸಿರಲಿಲ್ಲ. ಒಂದು ಸಲ ಓಡಿಸಿ ನೋಡಲಿ ಎಂದಷ್ಟೇ ಕೇಳಿದ್ದೆ. ಫೋಲ್ಡರನ್ನು ಯಾರು ಯಾರು ತೆರೆದರೆಂದು ನಮ್ಮ ಸರ್ವರ್ ತೋರಿಸುತ್ತದೆ. ಇವತ್ತು ಬೆಳಿಗ್ಗೆಯೂ ನೋಡಿದೆ. ನನ್ನ ಹೆಸರೊಂದೇ ಇದೆ.