ಸಾರಿನಾಗ ಇಂಗಿರಲಿಲ್ಲ

ನಮ್ಮ ಮನೆಯವರು ಸಾವಯವ ರಸಾಯನಶಾಸ್ತ್ರದ ವಿಜ್ಞಾನಿ. ಧಾರವಾಡದಾಗ ಓದು ಮುಗಿಸಿ ಪುಣೆಯ ಒಂದು ಪ್ರಯೋಗಾಲಯ ಸೇರಿದವರು ನಿವೃತ್ತಿತನಕ ಅಲ್ಲೇ ಇದ್ದರು. ತೊಂಬತ್ತರ ದಶಕದಾಗ ಗಂಧಕದ ಸಂಯುಕ್ತ ತಯಾರಿಸೋ ಒಂದು ಹೊಸ ದಾರಿ ಕಂಡುಹಿಡಿದು, ಅದರ ಮ್ಯಾಲೆ ಲೇಖನ ಬರೆದರು. ಆ ದಾರಿಗೆ ಒಂದು ಹಳದಿ ದ್ರವ ಬೇಕಾಗತಿತ್ತು. ಅದರ ನಾತ ಅಂಗಿಗೆ ಹತ್ತಿ ಮನಿತನಕ ಬರತಿತ್ತು. ಶಿವಾಜಿನಗರದ ಬಸ್ಸಿನಾಗ ಇವರ ಬಾಜೂಕ ಯಾರೂ ಕೂಡತಿರಲಿಲ್ಲ. "ನನಗೊಬ್ಬಗ ಇಡೀ ಸೀಟು, ಸಾಹೇಬ್ರಗತೆ ಬಂದೆ ನೋಡು" ಅಂತ ನಗತಿದ್ದರು. ನಾ ಅಂಗಿ ಬಾಲ್ಕನಿಯಾಗ ತೂಗಹಾಕಿ ಬೈಕೋತ ಒಳಗ ಬರತಿದ್ದೆ.

ಒಬ್ಬರ ಲೇಖನವನ್ನ ಬ್ಯಾರೆ ವಿಜ್ಞಾನಿಗಳು ತಮ್ಮ ಲೇಖನದಾಗ ಹೆಸರಿಸಿದರ ಅದಕ್ಕ ಸೈಟೇಶನ್ ಅಂತಾರ. ವಿಜ್ಞಾನಿಯ ಮರ್ಯಾದಿ ಎಲ್ಲಾ ಅದರ ಮ್ಯಾಲೇ. ಆಗ ಶನಿವಾರಕ್ಕೊಮ್ಮೆ ಲೈಬ್ರರಿಗೆ ಹೋಗಿ, ದಪ್ಪ ಸೂಚಿಪುಸ್ತಕದ ಇರಿವಿಯಂಥ ಅಕ್ಷರದಾಗ ಭೂತಗನ್ನಡಿ ಹಿಡಕೊಂಡು ತಮ್ಮ ಹೆಸರು ಹುಡುಕತಿದ್ದರು. ಹೊಸಾದೊಂದು ಸಿಕ್ಕರ ಮನಿಗೆ ಖಾರದ ತಿಂಡಿ, ಬಾಕರವಡಿ ಪೊಟ್ಟಣ ಬರತಿತ್ತು. "ಅಯ್ಯ, ಮದುವಿ ಮುಂದ ನನ್ನ ಜಾತಕ ಸುದ್ದಾ ಇಷ್ಟು ನೋಡಿರಲಿಲ್ಲ ನೀವು" ಅಂತ ಕಾಡಸತಿದ್ದೆ.

ಒಂದಿನ ಊಟಕ್ಕ ಕೂತು ಸಾರು ಸುರಕೊಂಡು, "ಇಂಗಿನ ಘಮ ಭಾಳ ಛಲೋ ಹತ್ತೇದ" ಅಂದರು. ಮನ್ಯಾಗ ಇಂಗು ತೀರಿಹೋಗಿತ್ತು, ಸಾರಿಗೆ ಹಾಕೇ ಇರಲಿಲ್ಲ. ರೂಢಿಮ್ಯಾಲೆ ಅಂದಿರಬೇಕು ಅಂದಕೊಂಡು ಇನ್ನೊಂದು ಸೌಟು ಬಡಿಸಿದೆ. ಮುಂದ ಒಮ್ಮೆ ನಾ ತವರಿಂದ ಬಂದಾಗ ಕಪಾಟಿನ ಹಿಂದ ಇಲಿ ಸತ್ತು ನಾರಲಿಕ್ಕತ್ತಿತ್ತು. ಮೆಟ್ಟಲ ಹತ್ತುವಾಗಿಂದಲೇ ಸೆರಗು ಮೂಗಿಗೆ ಹಿಡಕೊಂಡು ಬಂದೆ. ಇವರು ಅದೇ ಕಪಾಟಿಗೆ ಒರಗಿ ಕೂತು ಓದಕೋತಿದ್ದರು.

"ರೀ, ಖರೇ ಹೇಳ್ರಿ. ನಿಮಗ ವಾಸನಿ ಬರತದೋ ಇಲ್ಲೋ?"

ಪುಸ್ತಕ ಮಡಚಿದರು. "ಹೋಗಿ ಭಾಳ ದಿನ ಆತು."

"ಆ ಹಳದಿ ಪೀಡಾದಿಂದನ?"

"ಇರಬೇಕು."

ಡಾಕ್ಟರು ನೋಡಿ, ಹೋದದ್ದು ತಿರುಗಿ ಬರೂದಿಲ್ಲ, ಮೊದಲು ಆ ಕೆಲಸ ಬಿಡ್ರಿ ಅಂದರು. ಇವರು ಹೂಂ ಅಂದು, ಮರುದಿನ ಊಟದ ಡಬ್ಬಿ ತೊಗೊಂಡು ಅದೇ ಕೆಲಸಕ್ಕ ಹೋದರು. ನನಗ ಮೈಯೆಲ್ಲಾ ಉರೀತು. "ಇವತ್ತು ಮೂಗು ಹೋತು, ನಾಳೆ ಏನು ಹೋಗತದೋ! ಮನ್ಯಾಗ ಹೆಂಡತಿ ಅನ್ನೋವಾಕಿ ಒಬ್ಬಾಕಿ ಇದ್ದಾಳ, ಖಬರ್ ಅದನೋ ಇಲ್ಲೋ?" ಅಂತ ಕೂಗಾಡಿದೆ. "ಈಗ ಹ್ಯಾಂಗ ಬಿಡಲಿ? ಈಗೀಗ ಸೈಟೇಶನ್ ಏರಲಿಕ್ಕತ್ತಾವ" ಅಂದರು.

ಖರೇನೇ ಏರಲಿಕ್ಕತ್ತಿದ್ದವು. ಎರಡು ಸಾವಿರದ ನಂತರ ಮನಿಗೆ ಕಂಪ್ಯೂಟರ್ ಬಂತು. ಮುಂಜಾನೆ ಚಹಾಕ್ಕಿಂತ ಮೊದಲು ಅಂಕಿ ನೋಡೋದು. ಜಪಾನಿನವರು ಹೆಸರಿಸ್ಯಾರ, ಬ್ರೆಜಿಲಿನವರು ಹೆಸರಿಸ್ಯಾರ. "ಒಂದೊಂದು ಸೈಟೇಶನ್ ಅಂದ್ರ ಏನು ತಿಳಕೊಂಡಿ? ಎಲ್ಲೋ ಒಬ್ಬರು ನನ್ನ ದಾರೀಲೆ ಮಾಡಿ ನೋಡ್ಯಾರ ಅಂತ!" ಅಂದು ಹಿಗ್ಗಿದರು. ಆ ದ್ರವದ ಬಾಟಲಿ ಯಾವ ಯಾವ ಊರಾಗ ತೆರದು ಕೂತದೋ, ಅದರ ಮುಂದ ಯಾರು ಯಾರು ಬಗ್ಗಿ ನಿಂತಾರೋ! ಅವತ್ತಿನಿಂದ ಅಂಕಿಯ ಮಾತು ಬಂದರ ನಾ ಎದ್ದು ಒಳಗ ಹೋಗತಿದ್ದೆ.

ಇವರ ಕೈಕೆಳಗ ಪಿಎಚ್‌ಡಿ ಮಾಡೋ ಹುಡುಗಿ ಒಬ್ಬಾಕಿ ಇದ್ದಳು, ಮರಾಠಿಯಾಕಿ. ಮದುವಿ ಗೊತ್ತಾಗಿತ್ತು. ನನಗ ಕಾಕೂ, ಅಂದ್ರ ಚಿಕ್ಕಮ್ಮ, ಅಂತ ಕರೀತಿದ್ದಳು. ಆಕೀದೂ ಅದೇ ದ್ರವದ ಕೆಲಸ. "ಆಕಿಗರೆ ಬ್ಯಾರೆ ಕೆಲಸ ಕೊಡ್ರಿ, ಕೈ ಮುಗೀತೀನಿ" ಅಂತ ಎಷ್ಟು ಸಲ ಅಂಗಲಾಚಿದೆ. "ಆಕಿ ನನ್ನಂಗಲ್ಲ, ಭಾಳ ಹುಷಾರ್ ಇದ್ದಾಳ. ಆಕಿಗೇನೂ ಆಗೂದಿಲ್ಲ" ಅಂತಿದ್ದರು.

ಒಂದು ರವಿವಾರ, ಇಡೀ ಪ್ರಯೋಗಾಲಯದಾಗ ಇವರ ಲೇಖನಕ್ಕೇ ಹೆಚ್ಚು ಸೈಟೇಶನ್ ಅಂತ ಸುದ್ದಿ ಬಂದು, ಆಕಿ ಪೇಢೆ ತೊಗೊಂಡು ಮನಿಗೆ ಬಂದಳು. ನಾ ಕೊತ್ತಂಬರಿ ತರಲಿಕ್ಕೆ ಕೆಳಗ ಹೋದೆ. ತಿರುಗಿ ಬಂದು ಬಾಗಿಲು ತೆರದ ಕೂಡಲೆ ಗ್ಯಾಸಿನ ನಾತ ಗಪ್ಪಂತ ಬಡೀತು. ಸಿಲಿಂಡರಿನ ಪೈಪು ಸಡಲಾಗಿತ್ತು. ಓಡಿಹೋಗಿ ಬಂದ್ ಮಾಡಿದೆ, ಕಿಟಕಿ ಎಲ್ಲಾ ತೆರದೆ. ಒಲಿಯ ಬಾಜೂಕ ಮೇಜಿನ ಮುಂದ ಗುರು ಶಿಷ್ಯೆ ಇಬ್ಬರೂ ಪೇಢೆ ತಿನಕೋತ ನಗಲಿಕ್ಕತ್ತಿದ್ದರು. ನನ್ನ ಗಡಬಡಿ ನೋಡಿ ಒಮ್ಮೆಲೆ ತಲಿ ಎತ್ತಿದರು.

"ಏನಾತು?" ಅಂದರು ಇವರು.

"ಕಾಯ್ ಝಾಲಂ, ಕಾಕೂ?" ಅಂತ ಆಕಿಯೂ ಅದನ್ನೇ ಕೇಳಿದಳು.